ನಿಧಾನವಾಗಿ ಒಳಗೆ ಬನ್ನಿ

ಆ ಮನೆಯ ಬಾಗಿಲಿಗೆ ಕಾರು ಹೋಗುವುದಿಲ್ಲ. ನಡೆದೇ ಹೋಗಬೇಕು.

ಫ್ರಾನ್ಸಿನ ನೀಸ್‌ನಿಂದ ಇಟಲಿ ಗಡಿಯ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದರೆ, ಮೊನಾಕೊ ದಾಟಿದ ಮೇಲೆ ಒಂದು ಪುಟ್ಟ ಸ್ಟೇಷನ್ ಬರುತ್ತದೆ. ಊರಿನ ಹೆಸರು ರೋಕ್‌ಬ್ರೂನ್-ಕಾಪ್-ಮಾರ್ತಾಂ. ಅಲ್ಲಿ ಇಳಿದು ಕಾಲುದಾರಿ ಹಿಡಿಯಬೇಕು. ಒಂದು ಪಕ್ಕಕ್ಕೆ ರೈಲು ಹಳಿ, ಇನ್ನೊಂದು ಪಕ್ಕಕ್ಕೆ ಕೆಳಗೆ ಕಡಲು. ಈಗ ಆ ದಾರಿಗೆ, ನಮ್ಮ ಚಂಡೀಗಢವನ್ನು ರೂಪಿಸಿದ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಅವರ ಹೆಸರಿಟ್ಟಿದ್ದಾರೆ. ನಾವು ನೋಡಲು ಹೊರಟಿದ್ದ ಮನೆ ಮಾತ್ರ ಅವರು ಕಟ್ಟಿದ್ದಲ್ಲ. ಅದನ್ನು ಕಟ್ಟಿದ್ದು ಐಲೀನ್ ಗ್ರೇ ಎಂಬ ಹೆಂಗಸು. ದಾರಿಯ ಹೆಸರು ಓದಿದಾಗಲೇ ನನಗೆ ಸ್ವಲ್ಪ ಕಸಿವಿಸಿಯಾಯಿತು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಕೆಲಸದ ಮೇಲೆ ನೀಸ್‌ಗೆ ಹೋಗಿದ್ದೆ. ಒಂದು ದಿನ ಬಿಡುವಿತ್ತು. ಮೊದಲೇ ಬುಕ್ ಮಾಡಿಕೊಂಡವರನ್ನು ಸಣ್ಣ ಗುಂಪು ಮಾಡಿ ಕರೆದುಕೊಂಡು ಹೋಗುತ್ತಾರೆ. ನಾನು ಆ ಮನೆಯ ಬಗ್ಗೆ ಸುಮಾರು ವರ್ಷಗಳಿಂದ ಓದಿಕೊಂಡಿದ್ದೆ. ಫೋಟೋಗಳಲ್ಲಿ ಅದೊಂದು ಬಿಳೀ ಡಬ್ಬಿ. ಚಪ್ಪಟೆ ತಾರಸಿ, ಉದ್ದ ಬಾಲ್ಕನಿ, ಕೆಳಗೆ ತೆಳುವಾದ ಕಂಬಗಳು. ಬಂಡೆಗಳ ಮೇಲೆ ಯಾರೋ ಒಂದು ಹಡಗನ್ನು ತಂದು ನಿಲ್ಲಿಸಿದ ಹಾಗೆ. ಇದರಲ್ಲಿ ಅಷ್ಟೊಂದು ಏನಿದೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಒಳಗೆ ಕಾಲಿಟ್ಟ ಮೇಲೆ ಸಿಕ್ಕಿತು.

ಬಾಗಿಲ ಹತ್ತಿರದ ಗೋಡೆಯ ಮೇಲೆ ಅಚ್ಚಿನ ಅಕ್ಷರಗಳಲ್ಲಿ ಒಂದು ಮಾತು ಬರೆದಿದೆ. ಫ್ರೆಂಚಿನಲ್ಲಿ 'ಆಂತ್ರೇ ಲಾಂತ್ಮಾಂ'. ನಿಧಾನವಾಗಿ ಒಳಗೆ ಬನ್ನಿ ಅಂತ. ಅಲ್ಲೇ ಇನ್ನೊಂದು: ನಗಬಾರದು! ಮನೆಗೆ ಬಂದವರನ್ನು ಗೋಡೆಯೇ ಮಾತಾಡಿಸುತ್ತದೆ. ಒಳಗೆ ಹೋದರೆ ಟೊಪ್ಪಿ ಇಡುವ ಜಾಗದಲ್ಲಿ 'ಟೊಪ್ಪಿಗಳು' ಅಂತ ಬರೆದಿದೆ. ದಿಂಬು ಇಡುವ ಗೂಡಿನ ಮೇಲೆ 'ದಿಂಬುಗಳು'. ಸಣ್ಣ ಮನೆ, ಬರುವವರು ಜಾಸ್ತಿ, ಯಾವುದು ಎಲ್ಲಿದೆ ಅಂತ ಯಾರೂ ಹುಡುಕಾಡಬಾರದು. ಅಷ್ಟೇ ವಿಷಯ. ಆದರೆ ಅಷ್ಟನ್ನು ಯೋಚಿಸುವವರು ಎಷ್ಟು ಜನ ಇದ್ದಾರೆ, ಹೇಳಿ?

ಮನೆಯ ಹೆಸರೇ ಒಂದು ಒಗಟು. ಇ-1027. ಇ ಅಂದರೆ ಐಲೀನ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಹತ್ತನೆಯದು ಜೆ, ಎರಡನೆಯದು ಬಿ, ಏಳನೆಯದು ಜಿ. ಜೆ, ಬಿ ಅಂದರೆ ಆಗ ಐಲೀನ್ ಅವರ ಸಂಗಾತಿಯಾಗಿದ್ದ ಝಾಂ ಬಡೊವಿಚಿ. ಜಿ ಅಂದರೆ ಗ್ರೇ. ತನ್ನ ಹೆಸರಿನ ಎರಡು ಅಕ್ಷರಗಳ ನಡುವೆ ಆತನ ಹೆಸರನ್ನು ಇಟ್ಟುಕೊಂಡ ಮನೆ. ತೋಳು ಬಳಸಿ ಹಿಡಿದುಕೊಂಡ ಹಾಗೆ.

ಗ್ರೇ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಎನಿಸ್ಕಾರ್ಥಿ ಎಂಬ ಊರಿನ ಹತ್ತಿರ. ಲಂಡನ್ನಿನಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಸುಗವಾರಾ ಎಂಬ ಜಪಾನಿ ಕುಶಲಕರ್ಮಿಯ ಜೊತೆ ಕೂತು ಮರದ ಮೇಲೆ ಅರಗಿನ ಹೊಳಪು ಕೊಡುವ ಕೆಲಸ ಕಲಿತರು. ನಮ್ಮ ಚನ್ನಪಟ್ಟಣದ ಅರಗು ಹುಳದಿಂದ ಬರುತ್ತದಲ್ವಾ, ಜಪಾನಿನದು ಒಂದು ಮರದ ಹಾಲು. ಒಂದು ಪದರ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಇನ್ನೊಂದು ಪದರ. ಹೀಗೆ ಹತ್ತಾರು ಸಲ. ಆ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಗ್ರೇ ಅವರ ಕೈಗೂ ಅದರ ಉರಿ ತಪ್ಪಲಿಲ್ಲ. ವರ್ಷಗಟ್ಟಲೆ ಇಂಥ ತಾಳ್ಮೆಯ ಕೆಲಸ ಮಾಡಿದ ಕೈ ಅದು. ಮನೆ ಕಟ್ಟಲು ಕೂತದ್ದು ಆಮೇಲೆ, ಐವತ್ತರ ಹತ್ತಿರ ಬಂದಾಗ. ಕಟ್ಟಡ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವರಲ್ಲ. ಬಡೊವಿಚಿ ರುಮೇನಿಯಾದಿಂದ ಬಂದ ಆರ್ಕಿಟೆಕ್ಟ್. ಗ್ರೇಗಿಂತ ಹದಿನೈದು ವರ್ಷ ಚಿಕ್ಕವರು. ಹೊಸ ಕಟ್ಟಡಗಳ ಬಗ್ಗೆ ಒಂದು ಪತ್ರಿಕೆ ನಡೆಸುತ್ತಿದ್ದರು. ನೀವೇ ಯಾಕೆ ಒಂದು ಮನೆ ಕಟ್ಟಬಾರದು ಅಂತ ಹುರಿದುಂಬಿಸಿದ್ದು ಅವರೇ.

1926ರಿಂದ 1929ರವರೆಗೆ ಕೆಲಸ ನಡೆಯಿತು. ರಸ್ತೆ ಇಲ್ಲದ ಜಾಗ. ಸಾಮಾನೆಲ್ಲ ಕೈಗಾಡಿಯಲ್ಲಿ ತಳ್ಳಿಕೊಂಡು ಬರಬೇಕು. ಗ್ರೇ ಬಹಳ ಸಮಯ ಅಲ್ಲೇ ಉಳಿದರು. ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿಕೊಂಡರು. ಇದ್ದ ಮರಗಳನ್ನು, ನೆಲದ ಏರಿಳಿತವನ್ನು ಹಾಗೇ ಬಿಟ್ಟು ಮನೆಯನ್ನು ಕೂರಿಸಿದರು. ಹಣ ಅವರದು. ಜಾಗದ ಕಾಗದ ಮಾತ್ರ ಬಡೊವಿಚಿ ಹೆಸರಿನಲ್ಲಿ.

ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಮನೆಯ ಒಳಗಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಇಷ್ಟವಾದದ್ದು ಅದೇ.

ದೊಡ್ಡ ಕೋಣೆಯ ಒಂದು ಗೋಡೆಯ ಮೇಲೆ ಸಮುದ್ರದ ನಕಾಶೆ ಇದೆ. ಅದರ ಮೇಲೆ 'ಪ್ರಯಾಣಕ್ಕೆ ಆಹ್ವಾನ' ಅಂತ ಬರೆದಿದೆ. ಎದುರಿಗೆ ಉದ್ದಕ್ಕೂ ಕಿಟಕಿ. ಕಿಟಕಿಯನ್ನು ಅಡ್ಡ ಪರದೆಯ ಹಾಗೆ ಮಡಚಿ ಮಡಚಿ ಪೂರ್ತಿ ಪಕ್ಕಕ್ಕೆ ಸರಿಸಬಹುದು. ಆಗ ಕೋಣೆಗೂ ಕಡಲಿಗೂ ನಡುವೆ ಏನೂ ಇರುವುದಿಲ್ಲ. ಬಾಲ್ಕನಿಯ ಕಟಕಟೆಗೆ ಗೋಡೆ ಇಲ್ಲ, ಹಡಗಿನ ಹಾಯಿಯಂಥ ಬಟ್ಟೆ ಕಟ್ಟಿದ್ದಾರೆ. ಚಳಿಗಾಲದಲ್ಲಿ ಬಟ್ಟೆ ಬಿಚ್ಚಿದರೆ ಕೂತವರ ಕಾಲಿಗೂ ಬಿಸಿಲು ತಾಗುತ್ತದೆ. ಕಿಟಕಿಯ ಹೊರಗೆ ಜಾರುವ ಶಟರುಗಳು. ಅವುಗಳ ಪಟ್ಟಿಗಳನ್ನು ಬೇಕಾದ ಹಾಗೆ ಓರೆ ಮಾಡಬಹುದು. ಬಿಸಿಲು ಬೇಡ ಗಾಳಿ ಬೇಕು ಅಂದರೂ ಆಯಿತು. ಕರಾವಳಿಯಲ್ಲಿ ಬೆಳೆದವಳಿಗೆ ಈ ಏರ್ಪಾಡು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಊಟದ ಮೇಜಿನ ಮೇಲೆ ಕಾರ್ಕ್ ಹಾಸಿದ್ದಾರೆ. ಬಾಟಲಿಯ ಬಿರಡೆ ಮಾಡುವ ಅದೇ ಕಾರ್ಕ್. ತಟ್ಟೆ ಲೋಟ ಇಟ್ಟರೆ ಟಣ್ ಅನ್ನುವುದಿಲ್ಲ. ಮಲಗುವ ಕೋಣೆಯಲ್ಲಿ ಅಲ್ಯೂಮಿನಿಯಂ ಹೊದೆಸಿದ ಎತ್ತರದ ಕಪಾಟು. ಅದು ಕಪಾಟೂ ಹೌದು, ಅತ್ತ ಕಡೆಯ ಮುಖ ತೊಳೆಯುವ ಜಾಗಕ್ಕೆ ಮರೆಯೂ ಹೌದು. ಕನ್ನಡಿಯೊಂದಿದೆ. ದೊಡ್ಡ ದುಂಡು ಕನ್ನಡಿಗೆ ತೋಳಿನ ಮೇಲೆ ಇನ್ನೊಂದು ಪುಟ್ಟ ಕನ್ನಡಿ ಜೋಡಿಸಿದ್ದಾರೆ. ತಲೆಯ ಹಿಂದೆ, ಕತ್ತಿನ ಹಿಂದೆ ನೋಡಿಕೊಳ್ಳಲಿಕ್ಕೆ.

ಇನ್ನು ಆ ಪ್ರಸಿದ್ಧ ಮೇಜು. ಮನೆಯ ಹೆಸರೇ ಅದಕ್ಕೂ ಇದೆ. ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ್ದು, ಮೇಲೆ ದುಂಡು ಗಾಜು. ಬುಡ ಪೂರ್ತಿ ವೃತ್ತವಲ್ಲ, ಒಂದು ಕಡೆ ತೆರೆದಿದೆ. ಹಾಗಾಗಿ ಅದನ್ನು ಮಂಚದ ಅಡಿಗೆ ತಳ್ಳಬಹುದು. ಗಾಜು ಮಲಗಿದವರ ಎದೆಯ ಮೇಲಕ್ಕೆ ಬರುತ್ತದೆ. ಎತ್ತರ ಹೆಚ್ಚು ಕಡಿಮೆ ಮಾಡಲು ಹಿಂದೆ ಒಂದು ಕೀಲು, ಸರಪಳಿ. ಹಾಸಿಗೆಯಲ್ಲೇ ತಿಂಡಿ ತಿನ್ನುವ ಅಭ್ಯಾಸವಿದ್ದ ಅಕ್ಕನಿಗಾಗಿ, ಚೂರು ಪಾರು ಹಾಸಿಗೆಗೆ ಬೀಳದಿರಲಿ ಅಂತ ಮಾಡಿದ್ದು ಅಂತ ಹೇಳುತ್ತಾರೆ. ನಿಜವೋ ಕಥೆಯೋ, ಮೇಜನ್ನು ನೋಡಿದರೆ ನಂಬಬೇಕು ಅನ್ನಿಸುತ್ತದೆ. ಅದರ ನಕಲುಗಳು ಈಗ ಪ್ರಪಂಚದ ತುಂಬ ಇವೆ. ನಮ್ಮ ಆಫೀಸಿನ ಲಾಬಿಯಲ್ಲೂ ಒಂದಿದೆ. ಅದನ್ನು ಯಾರು ಮಾಡಿದ್ದು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ಅಡುಗೆಮನೆ ನನಗೆ ಬಹಳ ಹಿಡಿಸಿತು. ಅದು ಉಳಿದ ಮನೆಯಿಂದ ಸ್ವಲ್ಪ ಬೇರೆ ಇದೆ, ಹೊರಗಿನಿಂದ ಹೋಗಬೇಕು. ಅಡುಗೆಯ ವಾಸನೆ ಮನೆಯೊಳಗೆ ಹರಡಬಾರದು ಅಂತ. ಗಾಜಿನ ಮಡಚುವ ಗೋಡೆ ಸರಿಸಿದರೆ ಅಡುಗೆಮನೆ ಅಂಗಳವಾಗುತ್ತದೆ. ಆ ಕಡೆಯ ಹಳ್ಳಿಯ ಹೆಂಗಸರು ಬೇಸಿಗೆಯಲ್ಲಿ ಹೊರಗೆ ಅಡುಗೆ ಮಾಡುತ್ತಾರೆ, ಚಳಿಗಾಲದಲ್ಲಿ ಒಳಗೆ. ಗ್ರೇ ಅದನ್ನು ನೋಡಿ ಹಾಗೆ ಮಾಡಿದರು. ಪುಸ್ತಕದಿಂದ ತಂದದ್ದಲ್ಲ. ಅಕ್ಕಪಕ್ಕದ ಹೆಂಗಸರಿಂದ ಕಲಿತದ್ದು.

ಆಗಿನ ಕಾಲಕ್ಕೆ ಲೆ ಕಾರ್ಬೂಸಿಯೆ ಅವರ ಒಂದು ಮಾತು ಎಲ್ಲ ಕಡೆ ಓಡಾಡುತ್ತಿತ್ತು. ಮನೆ ಅಂದರೆ ಬದುಕಲಿಕ್ಕಿರುವ ಯಂತ್ರ ಅಂತ. ಗ್ರೇ ಅದನ್ನು ಒಪ್ಪಲಿಲ್ಲ. ಮನೆ ಯಂತ್ರವಲ್ಲ, ಅದು ಮನುಷ್ಯನ ಚಿಪ್ಪು ಅಂದರು. ಕಡಲ ದಂಡೆಯಲ್ಲಿ ನಿಂತು ಚಿಪ್ಪು ಅನ್ನುವ ಮಾತು ಕೇಳಿದರೆ ಅದರ ಅರ್ಥ ಬೇರೆಯೇ ಆಗುತ್ತದೆ. ಚಿಪ್ಪನ್ನು ಯಾರೂ ಹೊರಗಿನಿಂದ ಅಳತೆ ಕೊಟ್ಟು ಮಾಡುವುದಿಲ್ಲ. ಒಳಗಿರುವ ಜೀವ ತನ್ನ ಮೈಗೆ ತಕ್ಕ ಹಾಗೆ ಬೆಳೆಸಿಕೊಳ್ಳುತ್ತದೆ.

ಮುಂದಿನ ಕಥೆ ಹೇಳಲು ನನಗೆ ಅಷ್ಟು ಖುಷಿ ಇಲ್ಲ.

ಮನೆ ಮುಗಿದ ಮೂರ್ನಾಲ್ಕು ವರ್ಷಕ್ಕೆ ಗ್ರೇ, ಬಡೊವಿಚಿ ದೂರವಾದರು. ಕಾಗದ ಯಾರ ಹೆಸರಿನಲ್ಲಿತ್ತೋ ಅವರಿಗೆ ಮನೆ ಉಳಿಯಿತು. ಗ್ರೇ ಬೆಟ್ಟದ ಕಡೆ ಕಾಸ್ಟೆಲಾರ್ ಎಂಬಲ್ಲಿ ತನಗೊಂದು ಬೇರೆ ಮನೆ ಕಟ್ಟಿಕೊಂಡರು. ಬಡೊವಿಚಿ ಮನೆಗೆ ಸ್ನೇಹಿತರು ಬರುತ್ತಿದ್ದರು. ಅವರಲ್ಲಿ ಲೆ ಕಾರ್ಬೂಸಿಯೆ ಒಬ್ಬರು. ಆ ಮನೆ ನೋಡಿ ಮರುಳಾದರು. 1938ರಲ್ಲಿ ಗ್ರೇಗೆ ಪತ್ರ ಬರೆದು ಮನೆಯನ್ನು ತುಂಬ ಹೊಗಳಿದರು ಕೂಡ. ಆಮೇಲೆ 1938, 39ರಲ್ಲಿ ಅದೇ ಮನೆಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದರು. ಬಣ್ಣ ಬಣ್ಣದ ಹೆಣ್ಣು ಆಕಾರಗಳು. ಮೈಮೇಲೆ ಬಟ್ಟೆಯಿಲ್ಲದೆ, ಕೈಯಲ್ಲಿ ಕುಂಚ ಹಿಡಿದು ಗೋಡೆಯ ಮುಂದೆ ನಿಂತ ಅವರ ಫೋಟೋ ಇದೆ. ಗ್ರೇ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಯುದ್ಧ ಮುಗಿದ ಮೇಲೆ ಆ ಚಿತ್ರಗಳ ಫೋಟೋ ಪತ್ರಿಕೆಯಲ್ಲಿ ಅಚ್ಚಾದಾಗ ಮನೆ ಕಟ್ಟಿದವರ ಹೆಸರೇ ಇರಲಿಲ್ಲ.

ಗ್ರೇ ಪಾಲಿಗೆ ಅದು ಶುದ್ಧ ಹಾಳುಗೆಡಹುವ ಕೆಲಸ. ನನಗೂ ಹಾಗೇ ಕಾಣುತ್ತದೆ. ಲೆ ಕಾರ್ಬೂಸಿಯೆ ದೊಡ್ಡ ಕಲಾವಿದರು, ಅದರಲ್ಲಿ ಅನುಮಾನವಿಲ್ಲ. ಚಂಡೀಗಢ ನೋಡಿ ಬಂದವಳು ನಾನು, ಅಲ್ಲಿಯ ವಿಧಾನಸಭೆಯ ಕಟ್ಟಡದ ಮುಂದೆ ನಿಂತು ಮಾತು ಬಾರದೆ ಇದ್ದೆ. ಆದರೆ ಖಾಲಿ ಗೋಡೆ ಅಂದರೆ ಖಾಲಿ ಬಿಟ್ಟ ಗೋಡೆ. ಅಲ್ಲಿ ಏನೂ ಇರಬಾರದು ಅಂತ ಒಬ್ಬರು ಯೋಚಿಸಿ ಇಟ್ಟದ್ದು ಅದು. ಅಚ್ಚುಕಟ್ಟಾಗಿ ಗುಡಿಸಿ ಬಿಟ್ಟ ಅಂಗಳದಲ್ಲಿ, ಜಾಗ ಇದೆಯಲ್ಲ ಅಂತ ಸಾಮಾನು ತಂದು ಸುರಿದರೆ ಹೇಗಿರುತ್ತದೆ?

ಕಾರ್ಬೂಸಿಯೆ ಆ ದಂಡೆಯನ್ನು ಬಿಡಲೇ ಇಲ್ಲ. 1950ರ ದಶಕದ ಶುರುವಿನಲ್ಲಿ ಅದೇ ಮನೆಯ ಹಿಂದೆ, ಸ್ವಲ್ಪ ಮೇಲೆ, ತನಗೊಂದು ಮರದ ಗುಡಿಸಲು ಮಾಡಿಕೊಂಡರು. 3.66 ಮೀಟರ್ ಉದ್ದ, ಅಷ್ಟೇ ಅಗಲ. ಅಲ್ಲಿಂದ ನೋಡಿದರೆ ಕೆಳಗೆ ಗ್ರೇ ಮನೆ. 1965ರ ಆಗಸ್ಟ್ 27ರಂದು ಕೆಳಗಿನ ಕಡಲಿನಲ್ಲಿ ಈಜುತ್ತಿದ್ದಾಗಲೇ ತೀರಿಕೊಂಡರು. 2016ರಲ್ಲಿ ಯುನೆಸ್ಕೊ ಅವರ 17 ಕೆಲಸಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಅದರಲ್ಲಿದೆ. ಈ ಪುಟ್ಟ ಗುಡಿಸಲೂ ಇದೆ. ಕೆಳಗಿನ ಗ್ರೇ ಮನೆ ಆ ಪಟ್ಟಿಯಲ್ಲಿ ಇಲ್ಲ.

ಗ್ರೇ ಮನೆಯ ಕಥೆಗೆ ಮತ್ತೆ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಬಂತು. ಸೈನಿಕರು ಮನೆ ಹೊಕ್ಕು ಗೋಡೆಗಳಿಗೆ ಗುಂಡು ಹೊಡೆದರು. 1956ರಲ್ಲಿ ಬಡೊವಿಚಿ ತೀರಿಕೊಂಡ ಮೇಲೆ ಮನೆ ಕೈ ಬದಲಾಯಿತು, ಮತ್ತೆ ಬದಲಾಯಿತು. ಗ್ರೇ ಅಷ್ಟು ಪ್ರೀತಿಯಿಂದ ಮಾಡಿದ್ದ ಕುರ್ಚಿ ಮೇಜುಗಳು ಹರಾಜಿಗೆ ಹೋದವು. 1996ರಲ್ಲಿ ಆಗಿನ ಒಡೆಯನ ಕೊಲೆ ಮನೆಯೊಳಗೇ ಆಯಿತು. ಆಮೇಲೆ ಬೀಗ, ಒಡೆದ ಗಾಜು, ಕದ್ದು ಬಂದು ಮಲಗುವವರು, ಗೋಡೆ ಮೇಲೆ ಗೀಚು. ಹರಾಜು, ಕೊಲೆ, ಗೀಚು, ಇದನ್ನೆಲ್ಲ ನೋಡಲು ಗ್ರೇ ಇರಲಿಲ್ಲ. 1976ರಲ್ಲಿ ಪ್ಯಾರಿಸ್ಸಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅಷ್ಟು ಹೊತ್ತಿಗೆ ಜನ ಅವರನ್ನು ಮತ್ತೆ ನೆನಪಿಸಿಕೊಳ್ಳಲು ಶುರುಮಾಡಿದ್ದರು ಅನ್ನುವುದೊಂದೇ ಸಮಾಧಾನ. ತೊಂಬತ್ತು ದಾಟಿದ ಮೇಲೆ!

ಈಗ ಉಪ್ಪಿನ ವಿಷಯ.

ನನ್ನ ಅಜ್ಜನ ಮನೆ ಕೋಟೇಶ್ವರದ ಹತ್ತಿರ. ಕಡಲು ಅರ್ಧ ಮೈಲಿ. ಹಿಂದೆ ಹಂಚಿನ ಮನೆ, ಮುಂದೆ ಆಮೇಲೆ ಸೇರಿಸಿದ ಒಂದು ಸ್ಲ್ಯಾಬು, ಅದರ ಕೆಳಗೆ ಜಗಲಿ. ಉಪ್ಪುಗಾಳಿ ಏನು ಮಾಡುತ್ತದೆ ಅಂತ ಅಲ್ಲಿ ಮಕ್ಕಳಿಗೂ ಗೊತ್ತು. ಸೈಕಲ್ಲಿನ ಹ್ಯಾಂಡಲ್ಲು ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ. ಬಾಗಿಲಿನ ಚಿಲಕ ಒಂದು ದಿನ ಕೈಗೇ ಬರುತ್ತದೆ. ಕೆಲವು ವರ್ಷದ ಹಿಂದೆ ಜಗಲಿಯ ಮೇಲಿನ ಸ್ಲ್ಯಾಬಿನಲ್ಲಿ ಗೆರೆ ಬಿದ್ದಿತ್ತು. ಕಂದು ಬಣ್ಣದ ಕಲೆ. ಒಬ್ಬ ಮೇಸ್ತ್ರಿಯನ್ನು ಕರೆಸಿದೆವು. ಅವರು ಗೆರೆಯ ಮೇಲೆ ಸಿಮೆಂಟು ಮೆತ್ತಿ, ಬಣ್ಣ ಹೊಡೆದು, ದುಡ್ಡು ತೆಗೆದುಕೊಂಡು ಹೋದರು. ನೋಡಲು ಹೊಸ ಮನೆಯ ಹಾಗೆ ಆಯಿತು. ಎರಡನೇ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಅಂಗೈ ದಪ್ಪದ ಹೆಂಟೆ ಧೊಪ್ಪೆಂದು ಜಗಲಿಗೆ ಬಿತ್ತು. ಅಮ್ಮಮ್ಮ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ ಜಾಗ. ಅವರು ಒಳಗೆ ನೀರು ಕುಡಿಯಲು ಹೋಗಿದ್ದರು, ಅದಕ್ಕೆ ಉಳಿದರು.

ಆಗ ನಾನು ಕಾಂಕ್ರೀಟಿನ ಬಗ್ಗೆ ಓದಲು ಶುರುಮಾಡಿದೆ. ಹೊಸ ಕಾಂಕ್ರೀಟು ಒಳಗಿನ ಕಬ್ಬಿಣದ ಸರಳನ್ನು ತಾನೇ ಕಾಯುತ್ತದೆ. ಅದರೊಳಗಿನ ಸುಣ್ಣದ ಗುಣಕ್ಕೆ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಉಪ್ಪು ನಿಧಾನವಾಗಿ ಒಳಗೆ ಇಳಿದು ಆ ಪೊರೆಯನ್ನು ಹರಿಯುತ್ತದೆ. ಆಮೇಲೆ ತುಕ್ಕು. ಕಬ್ಬಿಣಕ್ಕೆ ಎಷ್ಟು ಜಾಗ ಬೇಕೋ, ತುಕ್ಕಿಗೆ ಅದರ ಎರಡರಿಂದ ಆರು ಪಟ್ಟು ಬೇಕು. ಎಲ್ಲಿಗೆ ಹೋಗಬೇಕು ಅದು? ಕಾಂಕ್ರೀಟನ್ನು ಒಳಗಿನಿಂದ ಒಡೆದುಕೊಂಡು ಬರುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ರೋಗ ಹಾಗೇ ಇರುತ್ತದೆ. ಸರಿಯಾಗಿ ಮಾಡಬೇಕು ಅಂದರೆ ಸಡಿಲವಾದದ್ದನ್ನೆಲ್ಲ ಸರಳಿನ ಹಿಂಬದಿವರೆಗೂ ಕೆತ್ತಿ ತೆಗೆಯಬೇಕು, ಸರಳನ್ನು ಹೊಳೆಯುವ ತನಕ ಉಜ್ಜಬೇಕು, ತುಂಬ ಹೋಗಿದ್ದರೆ ಹೊಸ ಸರಳು ಕಟ್ಟಬೇಕು. ಅದಾದ ಮೇಲೆ ಗಾರೆ.

ಗ್ರೇ ಮನೆಗೂ ಇದೇ ಕಾಯಿಲೆ. ಬೆಟ್ಟದ ಬದಿ, ಎದುರಿಗೇ ಕಡಲು, ತೆಳು ತೆಳು ಕಾಂಕ್ರೀಟು. 1999ರಲ್ಲಿ ಫ್ರಾನ್ಸಿನ ಕಡಲ ದಂಡೆಗಳನ್ನು ಕಾಯುವ ಸರ್ಕಾರಿ ಸಂಸ್ಥೆ ಮನೆಯನ್ನು ಕೊಂಡುಕೊಂಡಿತು. ಮರುವರ್ಷ ಅದು ರಾಷ್ಟ್ರೀಯ ಸ್ಮಾರಕವಾಯಿತು. ಮೊದಲ ಸುತ್ತಿನ ದುರಸ್ತಿ ನಡೆಯಿತು, ಅದರ ಬಗ್ಗೆ ತಿಳಿದವರು ಬಹಳ ಬೇಸರ ಪಟ್ಟರು. ಆಮೇಲೆ ಕಾಪ್ ಮೊಡೆರ್ನ್ ಎಂಬ ಸಂಘ ಹುಟ್ಟಿಕೊಂಡು ಮತ್ತೆ ಕೆಲಸ ಹಿಡಿಯಿತು. 2015ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಪೂರ್ತಿ ಮುಗಿದದ್ದು 2021ರಲ್ಲಿ. ಕೊಂಡ ದಿನದಿಂದ ಲೆಕ್ಕ ಹಾಕಿದರೆ 22 ವರ್ಷ. ಕಟ್ಟಲು ಹಿಡಿದದ್ದು ಮೂರು ವರ್ಷ.

ಇಷ್ಟು ವರ್ಷ ಯಾಕೆ ಅಂತ ಅಲ್ಲಿ ನಿಂತಾಗ ನನಗೆ ಅರ್ಥವಾಯಿತು. ಗೋಡೆ, ಸ್ಲ್ಯಾಬು ಸರಿಮಾಡಿದರೆ ಈ ಮನೆ ವಾಪಸ್ ಬರುವುದಿಲ್ಲ. ಖಾಲಿ ಡಬ್ಬಿ ಬರುತ್ತದೆ ಅಷ್ಟೇ. ಈ ಮನೆ ಇರುವುದು ಹಿಡಿಕೆಗಳಲ್ಲಿ, ತಿರುಗುವ ಡ್ರಾಯರುಗಳಲ್ಲಿ, ಕಾರ್ಕಿನ ಮೇಜಿನಲ್ಲಿ, ಟೊಪ್ಪಿಯ ಗೂಡಿನಲ್ಲಿ. 1929ರಲ್ಲಿ ಬಡೊವಿಚಿ ತಮ್ಮ ಪತ್ರಿಕೆಯ ಒಂದು ಸಂಚಿಕೆಯನ್ನು ಇಡೀ ಈ ಮನೆಗೇ ಮೀಸಲಿಟ್ಟಿದ್ದರು. ಅದರಲ್ಲಿ ಫೋಟೋ, ನಕ್ಷೆ, ಗ್ರೇ ಬರೆದ ವಿವರ ಎಲ್ಲ ಇತ್ತು. ಅದೊಂದು ಉಳಿದಿರದಿದ್ದರೆ ಏನು ಗತಿ! ಆ ಕಪ್ಪು ಬಿಳುಪು ಚಿತ್ರಗಳನ್ನು ಮುಂದಿಟ್ಟುಕೊಂಡು, ಹರಾಜಾಗಿ ಹೋದ ಒಂದೊಂದು ಸಾಮಾನನ್ನೂ ಹಳೆಯ ಅಳತೆಗೆ ಮತ್ತೆ ಮಾಡಿಸಿದ್ದಾರೆ. ಗೋಡೆಯ ಬಣ್ಣದ ಪದರಗಳನ್ನು ಕೆದಕಿ ಅಡಿಯ ಬಣ್ಣ ಹುಡುಕಿದ್ದಾರೆ.

ಹಾಗೆ ಹರಾಜಾಗಿ ಹೋದ ಜಾತಿಯ ಒಂದು ಕುರ್ಚಿ ಹಿಂದೆಯೇ ಭಾರತಕ್ಕೂ ಬಂದಿತ್ತು. ಟ್ರಾನ್ಸಾಟ್ ಅಂತ ಅದರ ಹೆಸರು, ಹಡಗಿನ ಡೆಕ್ಕಿನ ಮೇಲಿನ ಒರಗುಕುರ್ಚಿಯ ಮಾದರಿಯದು. 1930ರ ಸುಮಾರಿಗೆ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ತಮ್ಮ ಮಾಣಿಕ್ ಬಾಗ್ ಅರಮನೆಗೆ ತರಿಸಿಕೊಂಡಿದ್ದರು. ಗೈಡ್ ಹುಡುಗಿಗೆ ಇದನ್ನು ಹೇಳಿದೆ. ಅವಳು ಕಣ್ಣರಳಿಸಿ, ನಿಮ್ಮ ಊರಾ ಅಂತ ಕೇಳಿದಳು. ನಮ್ಮ ಊರಿಂದ ಬಹಳ ದೂರ ಅಂದೆ.

ಕೊನೆಗೊಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಕಾರ್ಬೂಸಿಯೆ ಚಿತ್ರಗಳನ್ನು ಏನು ಮಾಡುವುದು? ಅಳಿಸಿದರೆ ಗ್ರೇ ಗೋಡೆ ವಾಪಸ್ ಬರುತ್ತದೆ. ಆದರೆ ಆ ಚಿತ್ರಗಳೂ ಈಗ ಇತಿಹಾಸ. ಅವು ಇದ್ದದ್ದಕ್ಕೇ ಈ ಮನೆ ನೆಲಸಮವಾಗದೆ ಉಳಿಯಿತು ಅನ್ನುವವರೂ ಇದ್ದಾರೆ, ಅದರಲ್ಲಿ ಸ್ವಲ್ಪ ಸತ್ಯ ಇದ್ದೇ ಇದೆ. ಮನೆ ಜೋಪಾನ ಮಾಡಿದವರು ಮನೆಯನ್ನು 1929ರ ರೂಪಕ್ಕೆ ತಂದರು, ಚಿತ್ರಗಳನ್ನೂ ಉಳಿಸಿಕೊಂಡರು. ನಾನಾಗಿದ್ದರೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಕೋಣೆಯಲ್ಲಿ ನಿಂತಾಗ ಬಿಳಿ ಗೋಡೆಯನ್ನೇ ಬಯಸಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಯೋಚಿಸಿದ ಮೇಲೆ, ಅಳಿಸದೇ ಇದ್ದದ್ದು ಸರಿ ಅನ್ನಿಸಿತು. ಚಿತ್ರ ಅಳಿಸಿದರೆ ಗ್ರೇ ಅವರಿಗೆ ಆದ ಅನ್ಯಾಯದ ಗುರುತೂ ಅಳಿಸಿಹೋಗುತ್ತದೆ. ಈಗ ಬಂದವರೆಲ್ಲ ಆ ಚಿತ್ರ ನೋಡಿ ಕೇಳುತ್ತಾರೆ, ಇದನ್ನು ಯಾರು ಬರೆದರು, ಅವರನ್ನು ಯಾರು ಕೇಳಿದ್ದರು ಅಂತ. ಗೈಡ್ ಹೇಳಲೇಬೇಕು. ಹೇಳುವಾಗ ಗ್ರೇ ಹೆಸರು ಬರಲೇಬೇಕು.

ತೋಟದಲ್ಲಿ ಇಳಿಜಾರಿನ ಮೆಟ್ಟಿಲು ಮೆಟ್ಟಿಲು ನೆಲ. ನಿಂಬೆ ಗಿಡಗಳು. ಕೆಳಗೆ ಬಿಸಿಲು ಕಾಯಿಸಿಕೊಳ್ಳಲು ನೆಲವನ್ನು ತಗ್ಗಿಸಿ ಹೆಂಚು ಹಾಸಿದ ಜಾಗ. ಆ ತಗ್ಗಿನಲ್ಲಿ ಮಲಗಿದರೆ ಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ. ಕೂರಲು ಬಿಡುವುದಿಲ್ಲ, ನೋಡಲು ಮಾತ್ರ. ರೈಲೊಂದು ಮನೆಯ ಹಿಂದೆ ಹಾದುಹೋಯಿತು.

ಅಲ್ಲಿ ನಿಂತಾಗ ನನಗೆ ಅಮ್ಮಮ್ಮನ ಅಡುಗೆಮನೆ ನೆನಪಾಗಿತ್ತು. ಎಲ್ಲರೂ ಅದನ್ನು ಅಜ್ಜನ ಮನೆ ಅಂತಲೇ ಕರೆಯುವುದು. ಕಾಗದವೂ ಅಜ್ಜನ ಹೆಸರಿನಲ್ಲೇ ಇತ್ತು. ಆದರೆ ಒಳಗಿನ ಒಂದೊಂದು ಮೊಳೆಯ ಜಾಗವನ್ನೂ ತೀರ್ಮಾನ ಮಾಡಿದ್ದು ಅಮ್ಮಮ್ಮ. ಅವರು ಎಡಗೈಯವರು. ಚಿಕ್ಕಂದಿನಲ್ಲಿ ಬೈದು ಹೊಡೆದು ಊಟಕ್ಕೆ ಬಲಗೈ ಅಭ್ಯಾಸ ಮಾಡಿಸಿದ್ದರಂತೆ. ಸೌಟು ಹಿಡಿಯುವುದು ಮಾತ್ರ ಎಡಗೈಯಲ್ಲೇ ಉಳಿಯಿತು. ಹಾಗಾಗಿ ಉಪ್ಪಿನ ಮರಿಗೆ, ಅಂದರೆ ಉಪ್ಪು ಹಾಕಿಡುವ ಮರದ ಪಾತ್ರೆ, ಒಲೆಯ ಎಡಕ್ಕೆ. ಸೌಟುಗಳ ಸಾಲು ಎಡಕ್ಕೆ. ಮಸಿಬಟ್ಟೆಯ ಮೊಳೆಯೂ ಎಡಕ್ಕೆ. ಮದುವೆಯಾಗಿ ಬಂದ ಅತ್ತೆಯಂದಿರು ಮೊದಮೊದಲು ಆ ಅಡುಗೆಮನೆಯಲ್ಲಿ ತಡಕಾಡುತ್ತಿದ್ದರು. ನಾನು ಬಲಗೈಯವಳಾದರೂ ಇವತ್ತಿಗೂ ಉಪ್ಪಿಗೆ ಎಡಗೈ ಚಾಚುತ್ತೇನೆ.

ಅಮ್ಮಮ್ಮ ಈಗಿಲ್ಲ. ಹೋದ ವರ್ಷ ನಾವು ಮನೆ ದುರಸ್ತಿಗೆ ಕೈ ಹಾಕಿದೆವು. ಈ ಸಲ ಸ್ಲ್ಯಾಬನ್ನು ಸರಳಿನವರೆಗೂ ಕೆತ್ತಿಸಿಯೇ ಮಾಡಿಸಿದ್ದು. ಅಡುಗೆಮನೆಗೆ ಬಂದಾಗ ಕೆಲಸದವರು, ಎಲ್ಲರ ಮನೆಯ ಹಾಗೆ ಬಲಕ್ಕೆ ಕಲ್ಲಿನ ಶೆಲ್ಫು ಕೂರಿಸಲು ಗೆರೆ ಎಳೆದಿದ್ದರು. ಹಳೆಯ ಗೋಡೆಯ ಗಿಲಾವು ಆಗಲೇ ಉದುರಿಸಿ ಆಗಿತ್ತು, ಮೊಳೆಯ ತೂತುಗಳೂ ಅದರ ಜೊತೆ ಹೋಗಿದ್ದವು. ನಮ್ಮಲ್ಲಿ ಆ ಅಡುಗೆಮನೆಯ ಒಂದು ಫೋಟೋ ಕೂಡ ಇಲ್ಲ. ಮದುವೆ, ನಾಮಕರಣ, ಜಗಲಿ, ಅಂಗಳ ಎಲ್ಲದರ ಫೋಟೋ ಇದೆ. ಅಡುಗೆಮನೆಯದು ಯಾರೂ ತೆಗೆದಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಉಪ್ಪಿನ ಮರಿಗೆ ಸರಿಯಾಗಿ ಎಲ್ಲಿತ್ತು?"

"ಒಲೆಯ ಎಡಕ್ಕೆ, ಮಗಾ. ನಿಂಗೊತ್ತಿಲ್ವಾ?"

"ಗೊತ್ತು. ಒಲೆಯಿಂದ ಎಷ್ಟು ದೂರ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತ ಕಡೆ ಗಾಳಿಯಲ್ಲಿ ಕೈ ಚಾಚಿ ನೋಡುತ್ತಿದ್ದರು ಅಂತ ಕಾಣುತ್ತದೆ.

"ಎರಡು ಗೇಣು," ಅಂದರು. ಆಮೇಲೆ, "ನಿನ್ನ ಗೇಣಲ್ಲ. ಅವಳ ಕೈ ಸಣ್ಣದು. ಒಂದು ಬೆರಳು ಕಡಿಮೆ ಹಿಡಿ."